ಗುಡ್ಡ ಕುಸಿದ ಮೇಲೆ ದೇವರ ಬಗ್ಗೆ ಏಳುವ ಪ್ರಶ್ನೆಗಳು: ವಿಪತ್ತು, ದುಃಖ ಮತ್ತು ಕ್ರೈಸ್ತ ವಿಶ್ವಾಸ

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಗುಡ್ಡಗಳು ಜಾರಿದವು. 2020ರ ಆಗಸ್ಟ್‌ನಲ್ಲಿ ಬ್ರಹ್ಮಗಿರಿ ಕುಸಿದು ತಲಕಾವೇರಿಯ ಅರ್ಚಕರ ಮನೆ ಮಣ್ಣಿನಡಿ ಸೇರಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿತ್ತು. ಅದಾಗಿ ಎರಡೇ ವಾರಕ್ಕೆ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಕೊಚ್ಚಿಹೋಗಿ 250ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಅಲ್ಲಿಗೆ ದುಡಿಯಲು ಹೋಗಿದ್ದ, ಮದುವೆಯಾಗಿ ಹೋಗಿದ್ದ ಕನ್ನಡಿಗರೂ ಇದ್ದರು.

ಇಂಥ ಪ್ರತಿ ಮಳೆಗಾಲದ ನಂತರ ಚರ್ಚಿನ ಅಂಗಳದಲ್ಲಿ, ಮನೆ ಪ್ರಾರ್ಥನೆಯಲ್ಲಿ, ಕಾಳಜಿ ಕೇಂದ್ರದ ಜಗಲಿಯಲ್ಲಿ ಕೇಳಿಬರುವ ಪ್ರಶ್ನೆಗಳು ಇಲ್ಲಿವೆ. ಒಂದು ಮಾತು ಮೊದಲೇ ಹೇಳಿಬಿಡಬೇಕು. ಮನೆಯವರನ್ನು ಕಳೆದುಕೊಂಡು ಮೊದಲ ವಾರದಲ್ಲಿ ಇರುವವರು ಇದನ್ನು ಓದಬೇಕಾಗಿಲ್ಲ. ಅವರಿಗೆ ಬೇಕಾದದ್ದು ಊಟ, ನಿದ್ದೆ, ಪಕ್ಕದಲ್ಲೊಬ್ಬರು. ಆ ಪಕ್ಕದಲ್ಲಿರುವವರು ಓದಲಿ.

ದೇವರು ಒಳ್ಳೆಯವನಾಗಿದ್ದರೆ ಇದನ್ನು ಏಕೆ ತಡೆಯಲಿಲ್ಲ?

ಬೈಬಲ್ ಈ ಪ್ರಶ್ನೆಯನ್ನು ಬಚ್ಚಿಡುವುದಿಲ್ಲ. ಆದರೆ ನಾವು ಬಯಸುವ ರೀತಿಯಲ್ಲಿ ಉತ್ತರವನ್ನೂ ಕೊಡುವುದಿಲ್ಲ. ಯೋಬನ ಪುಸ್ತಕದಲ್ಲಿ 42 ಅಧ್ಯಾಯಗಳಿವೆ. ಮಕ್ಕಳು, ದನಕರು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಮನುಷ್ಯ ಅದರುದ್ದಕ್ಕೂ ಕೇಳುವುದು ಒಂದೇ ಪ್ರಶ್ನೆ: ಏಕೆ? ಕೊನೆಗೆ ದೇವರು ಬಿರುಗಾಳಿಯೊಳಗಿಂದ ಮಾತನಾಡುತ್ತಾನೆ. ಸಮುದ್ರಕ್ಕೆ ಎಲ್ಲೆ ಹಾಕಿದವರು ಯಾರು, ಕಾಡುಮೇಕೆ ಮರಿ ಹಾಕುವ ಹೊತ್ತು ನಿನಗೆ ಗೊತ್ತೇ ಎಂದು ತಾನೇ ಪ್ರಶ್ನೆ ಕೇಳುತ್ತಾನೆ. ಮೊದಲ ಅಧ್ಯಾಯದಲ್ಲಿ ಪರಲೋಕದಲ್ಲಿ ದೇವರಿಗೂ ಸೈತಾನನಿಗೂ ನಡೆದ ಮಾತುಕತೆ ಓದುಗರಿಗೆ ಗೊತ್ತಿದೆ, ಯೋಬನಿಗೆ ಮಾತ್ರ ಅದನ್ನು ಯಾರೂ ಕೊನೆಯವರೆಗೂ ತಿಳಿಸುವುದಿಲ್ಲ.

ಮನುಷ್ಯನಿಗೆ ಕೊಟ್ಟ ಸ್ವಾತಂತ್ರ್ಯ, ನಿಸರ್ಗದ ನಿಯಮ, ಕಷ್ಟದಿಂದ ಬರುವ ಪಕ್ವತೆ ಎಂದು ದೇವಶಾಸ್ತ್ರಜ್ಞರು ಶತಮಾನಗಳಿಂದ ವಾದ ಕಟ್ಟಿದ್ದಾರೆ. ಕೆಲವು ವಾದಗಳಲ್ಲಿ ಹುರುಳಿದೆ. ಆದರೆ ಕೆಸರಿನಿಂದ ಮಗುವಿನ ಚಪ್ಪಲಿ ಹೆಕ್ಕಿದ ತಾಯಿಯ ಮುಂದೆ ನಿಂತು ಅವುಗಳಲ್ಲಿ ಒಂದನ್ನಾದರೂ ಹೇಳಲು ಬಾಯಿ ಬರುತ್ತದೆಯೇ? ಬಾರದಿದ್ದರೆ, ಆ ವಾದ ಬೇರೆಲ್ಲಾದರೂ ಇರಲಿ.

ಕ್ರೈಸ್ತ ವಿಶ್ವಾಸ ಕಾರಣದ ಬದಲು ಒಬ್ಬ ವ್ಯಕ್ತಿಯತ್ತ ಕೈ ತೋರಿಸುತ್ತದೆ. ಶಿಲುಬೆಯ ಮೇಲೆ ಯೇಸು 22ನೇ ಕೀರ್ತನೆಯ ಮೊದಲ ಸಾಲನ್ನೇ ಕೂಗಿದರು: ನನ್ನ ದೇವರೇ, ಏಕೆ ನನ್ನನ್ನು ಕೈಬಿಟ್ಟೆ? ಆ ಶುಕ್ರವಾರ ಆಕಾಶದಿಂದ ಉತ್ತರ ಬರಲಿಲ್ಲ. ನಿಮ್ಮ ‘ಏಕೆ’ ಎಂಬ ಪ್ರಶ್ನೆಯನ್ನು ದೇವರ ಮಗನೇ ಕೇಳಿದ್ದಾರೆ, ಅವರಿಗೂ ಕಾರಣ ಸಿಗಲಿಲ್ಲ. ನಮ್ಮ ವಿಶ್ವಾಸ ಶುರುವಾಗುವುದು ಅಲ್ಲಿಂದ.

ಇದು ದೇವರ ಕೆಲಸವೋ, ಮನುಷ್ಯರ ಕೆಲಸವೋ?

‘ದೇವರ ಇಚ್ಛೆ’ ಎನ್ನುವ ಮುನ್ನ ಗುಡ್ಡವನ್ನು ಒಮ್ಮೆ ನೋಡಬೇಕು. ಕಡಿದಾದ ಇಳಿಜಾರಿನಲ್ಲಿ ಬಂಡೆಯ ಮೇಲೆ ಮಣ್ಣಿನ ಪದರ ಕೂತಿರುತ್ತದೆ. ದಿನಗಟ್ಟಲೆ ಮಳೆ ಸುರಿದಾಗ ಮಣ್ಣು ನೀರು ಕುಡಿದು ತೂಕ ಹೆಚ್ಚಿಸಿಕೊಂಡು ಬಂಡೆಯ ಹಿಡಿತ ಬಿಡುತ್ತದೆ. ಇದು ನಿಸರ್ಗದ ಪಾಲು. ರಸ್ತೆಗಾಗಿ, ಮನೆಗಾಗಿ, ಹೋಂಸ್ಟೇಗಾಗಿ ಇಳಿಜಾರಿನ ಬುಡವನ್ನು ಜೆಸಿಬಿಯಿಂದ ನೆಟ್ಟಗೆ ಕತ್ತರಿಸುವುದು, ನೀರು ಹರಿಯುವ ದಾರಿ ಮುಚ್ಚುವುದು ನಮ್ಮ ಪಾಲು. ಕೊಡಗಿನ 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಮಳೆಯ ಜೊತೆಗೆ ಈ ಕತ್ತರಿಸುವಿಕೆಯತ್ತಲೂ ಬೊಟ್ಟು ಮಾಡಿತು. ವಯನಾಡಿನ ಕುಸಿತ ಸಮುದ್ರಮಟ್ಟದಿಂದ ಸುಮಾರು 1,550 ಮೀಟರ್ ಎತ್ತರದಲ್ಲಿ ಆರಂಭವಾಗಿ, ಕಲ್ಲುಮಣ್ಣು ಹೊಳೆಯ ಜಾಡು ಹಿಡಿದು ಸುಮಾರು 8 ಕಿಲೋಮೀಟರ್ ಹರಿಯಿತೆಂದು ಇಸ್ರೋದ ಉಪಗ್ರಹ ಚಿತ್ರಗಳು ತೋರಿಸಿದವು. ಅಲ್ಲಿ ಕುಸಿದ ನೆತ್ತಿಗೂ ಸತ್ತವರ ಮನೆಗಳಿಗೂ ನಡುವೆ ಎಷ್ಟೋ ಅಂತರವಿತ್ತು. ಆದ್ದರಿಂದ ‘ಅವರು ಗುಡ್ಡ ಅಗೆದರು, ಅನುಭವಿಸಿದರು’ ಎಂದು ಸತ್ತವರ ಮೇಲೆಯೇ ತಪ್ಪು ಹೊರಿಸುವುದೂ ಸುಳ್ಳು. ಎಸ್ಟೇಟಿನ ಲೈನ್ ಮನೆಯಲ್ಲಿ ಮಲಗಿದ್ದ ಕೂಲಿಯವರು ಯಾವ ಗುಡ್ಡವನ್ನು ಅಗೆದಿದ್ದರು?

ಕ್ರೈಸ್ತರು ಇಲ್ಲಿ ಸ್ವಲ್ಪ ತಲೆ ತಗ್ಗಿಸಬೇಕಾದ ಸಂಗತಿಯೂ ಇದೆ. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶಗಳ ಬಗ್ಗೆ ಗಾಡ್ಗೀಳ್ ಸಮಿತಿ 2011ರಲ್ಲಿ, ಕಸ್ತೂರಿರಂಗನ್ ಸಮಿತಿ 2013ರಲ್ಲಿ ವರದಿ ಕೊಟ್ಟಾಗ ಕೇರಳದ ಮಲೆನಾಡಿನಲ್ಲಿ ವಿರೋಧದ ಮುಂಚೂಣಿಯಲ್ಲಿ ಧರ್ಮಗುರುಗಳೂ ಇದ್ದರು. ಸಣ್ಣ ರೈತರ ಆತಂಕ ನಿಜವಾದದ್ದು, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಗದ್ದಲದಲ್ಲಿ ಗುಡ್ಡದ ಪರವಾಗಿ ಮಾತನಾಡಿದ ಪುಲ್ಪಿಟ್ಟುಗಳು ಕಡಿಮೆ. 2015ರಲ್ಲಿ ಪೋಪ್ ಫ್ರಾನ್ಸಿಸ್ ಭೂಮಿಯ ಆರೈಕೆಯ ಬಗ್ಗೆ ಇಡೀ ವಿಶ್ವಪತ್ರವನ್ನೇ ಹೊರಡಿಸಿದರು. ಅದನ್ನು ನಮ್ಮ ಘಟ್ಟದ ಮೇಲಿಟ್ಟು ಓದುವ ಕೆಲಸ ಇನ್ನೂ ಬಾಕಿ ಇದೆ.

ಹಾಗಾದರೆ ಇದು ಪಾಪಕ್ಕೆ ಸಿಕ್ಕ ಶಿಕ್ಷೆಯಲ್ಲವೇ?

ಅಲ್ಲ. ಈ ಒಂದು ಪ್ರಶ್ನೆಗೆ ಯೇಸುವೇ ನೇರವಾಗಿ ಉತ್ತರಿಸಿದ್ದಾರೆ. ಯೆರೂಸಲೇಮಿನ ಸಿಲೊವಾಮಿನಲ್ಲಿ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಿದ್ದರು. ಅವರು ಊರಿನ ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ನೆನಸುತ್ತೀರಾ ಎಂದು ಕೇಳಿ, ಇಲ್ಲ ಎಂದು ತಾವೇ ಹೇಳಿದರು. ಬದುಕಿರುವ ನೀವು ಮನಸ್ಸು ತಿರುಗಿಸಿಕೊಳ್ಳಿ ಎಂಬುದು ಅವರ ಮುಂದಿನ ಮಾತು. ಹುಟ್ಟು ಕುರುಡನನ್ನು ತೋರಿಸಿ ಶಿಷ್ಯರು ಯಾರ ಪಾಪ ಎಂದಾಗಲೂ ಅವನದ್ದಲ್ಲ, ತಂದೆತಾಯಿಗಳದ್ದೂ ಅಲ್ಲ ಎಂದರು.

ಆದರೂ ಈ ಚಟ ಬಿಟ್ಟುಹೋಗುವುದಿಲ್ಲ. 1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಿಗ್ಗೆ, ಚರ್ಚುಗಳು ತುಂಬಿದ್ದ ಹೊತ್ತಿನಲ್ಲಿ ಪೋರ್ಚುಗಲ್ಲಿನ ಲಿಸ್ಬನ್ ನಗರ ಕಂಪಿಸಿತು. ಹಿಂದೆಯೇ ಸುನಾಮಿ, ಬೆಂಕಿ. ಸತ್ತವರು ಹತ್ತಾರು ಸಾವಿರ. ಮಾಲಗ್ರಿಡಾ ಎಂಬ ಯೇಸುಸಭೆಯ ಗುರು ಇದು ನಗರದ ಪಾಪದ ಫಲವೆಂದು ಪುಸ್ತಿಕೆ ಬರೆದರು. ಸತ್ತವರಲ್ಲಿ ಅನೇಕರು ಪೂಜೆಗೆ ಮೊಣಕಾಲೂರಿದ್ದವರು ಎಂಬುದು ಆ ವಾದಕ್ಕೆ ಅಡ್ಡಿಯಾಗಲಿಲ್ಲ. ನಮ್ಮ ದೇಶದಲ್ಲಿ 1934ರ ಜನವರಿಯಲ್ಲಿ ಬಿಹಾರ ಕಂಪಿಸಿದಾಗ ಗಾಂಧೀಜಿ ಅದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ಅಸ್ಪೃಶ್ಯತೆಯನ್ನು ಅಷ್ಟೇ ದ್ವೇಷಿಸುತ್ತಿದ್ದ ರವೀಂದ್ರನಾಥ ಠಾಕೂರರು ಬಹಿರಂಗವಾಗಿ ಪ್ರತಿಭಟಿಸಿದರು. ಇಲ್ಲಿ ನನ್ನ ಓಟು ಠಾಕೂರರಿಗೆ.

ಯೋಬನ ಗೆಳೆಯರಾದ ಎಲೀಫಜ, ಬಿಲ್ದದ, ಚೋಫರ ಮೂವರೂ ಹೇಳಿದ್ದು ಇದನ್ನೇ: ನೀನು ಏನೋ ಮಾಡಿರಬೇಕು. ಪುಸ್ತಕದ ಕೊನೆಯಲ್ಲಿ ದೇವರು ಸಿಟ್ಟಾಗುವುದು ಕೂಗಾಡಿದ ಯೋಬನ ಮೇಲಲ್ಲ, ದೇವರ ಪರ ವಕಾಲತ್ತು ಮಾಡಿದ ಈ ಗೆಳೆಯರ ಮೇಲೆ.

ನಂಬಿದವರಿಗೆ ಯಾವ ಕೇಡೂ ತಟ್ಟದೆಂದು 91ನೇ ಕೀರ್ತನೆ ಹೇಳುತ್ತದಲ್ಲ?

ಹೇಳುತ್ತದೆ. ಮನೆಯ ಬಾಗಿಲಿಗೆ, ಕಾರಿನ ಗಾಜಿಗೆ ಅಂಟಿಸಿಕೊಳ್ಳುವಷ್ಟು ಪ್ರೀತಿಯ ಕೀರ್ತನೆ ಅದು. ಆದರೆ ಸುವಾರ್ತೆಗಳಲ್ಲಿ ಅದನ್ನು ಉದ್ಧರಿಸಿದವರು ಯಾರೆಂದು ನೆನಪಿದೆಯೇ? ಸೈತಾನ. ದೇವಾಲಯದ ತುದಿಯಲ್ಲಿ ಯೇಸುವನ್ನು ನಿಲ್ಲಿಸಿ, ಕೆಳಕ್ಕೆ ಹಾರು, ದೂತರು ಕೈಯಲ್ಲಿ ಎತ್ತಿಕೊಳ್ಳುತ್ತಾರೆಂದು ಬರೆದಿದೆಯಲ್ಲ ಎಂದ. ಯೇಸು ಹಾರಲಿಲ್ಲ. ಕೀರ್ತನೆ ಸುಳ್ಳಲ್ಲ, ಅದು ಭಯದಲ್ಲಿರುವವನ ಪ್ರಾರ್ಥನೆ. ವಿಮಾ ಪಾಲಿಸಿಯಾಗಿ ಓದಿದವರು ಮೊದಲ ಪ್ರವಾಹದಲ್ಲೇ ವಿಶ್ವಾಸ ಕಳೆದುಕೊಳ್ಳುತ್ತಾರೆ.

ಬಂಡೆಯ ಮೇಲಿನ ಮನೆ, ಮರಳಿನ ಮೇಲಿನ ಮನೆಯ ಸಾಮ್ಯವನ್ನೂ ಗಮನಿಸಿ. ಮಳೆ ಸುರಿದದ್ದು, ಹೊಳೆ ಉಕ್ಕಿದ್ದು, ಗಾಳಿ ಬೀಸಿದ್ದು ಎರಡಕ್ಕೂ. 2004ರ ಡಿಸೆಂಬರ್ 26 ಭಾನುವಾರ, ಕ್ರಿಸ್‌ಮಸ್‌ನ ಮರುದಿನ. ವೇಳಾಂಕಣ್ಣಿಗೆ ಹರಕೆ ಹೊತ್ತು ಬಂದಿದ್ದ ಯಾತ್ರಿಕರು ಪೂಜೆ ಮುಗಿಸಿ ಕಡಲತೀರಕ್ಕೆ ಇಳಿದಿದ್ದರು. ಸುನಾಮಿ ಅವರನ್ನು ಕೊಂಡೊಯ್ಯಿತು. ‘ನಂಬಿಕೆ ಸಾಲದು’ ಎಂದು ಅವರ ಬಗ್ಗೆ ಹೇಳಬಲ್ಲ ಬೋಧಕನಿದ್ದರೆ, ಅವನ ಸಭೆಯಿಂದ ಎದ್ದು ಹೊರಗೆ ಬರುವುದೇ ಲೇಸು.

ನಮ್ಮ ಮನೆ ಉಳಿಯಿತು, ಪಕ್ಕದ ಮನೆ ಹೋಯಿತು. ‘ದೇವರು ನಮ್ಮನ್ನು ಕಾಪಾಡಿದರು’ ಎಂದು ಸಾಕ್ಷಿ ಹೇಳಬಹುದೇ?

ಕೃತಜ್ಞತೆ ಸಹಜ, ಅದನ್ನು ನುಂಗಿಕೊಳ್ಳಬೇಕಾಗಿಲ್ಲ. ಆದರೆ ಮೈಕಿನ ಮುಂದೆ ಹೇಳುವ ಮೊದಲು ಪಕ್ಕದ ಮನೆಯಲ್ಲಿ ಉಳಿದವರು ಕೇಳಿಸಿಕೊಳ್ಳುತ್ತಿದ್ದಾರೆಂದು ಭಾವಿಸಿಕೊಂಡು ಒಮ್ಮೆ ಮನಸ್ಸಿನಲ್ಲೇ ಹೇಳಿ ನೋಡಿ. ಅಪೊಸ್ತಲರ ಕೃತ್ಯಗಳ 12ನೇ ಅಧ್ಯಾಯದಲ್ಲಿ ಹೆರೋದನು ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಅದೇ ಅಧ್ಯಾಯದಲ್ಲಿ ಪೇತ್ರನ ಬೇಡಿಗಳು ಕಳಚಿ ಬಿದ್ದು ಸೆರೆಮನೆಯ ಕಬ್ಬಿಣದ ಬಾಗಿಲು ತಾನಾಗಿ ತೆರೆಯುತ್ತದೆ. ಇಬ್ಬರೂ ಯೇಸುವಿನ ಹತ್ತಿರದ ಶಿಷ್ಯರು. ಯಾಕೋಬನ ವಿಶ್ವಾಸ ಕಡಿಮೆಯಿತ್ತೆಂದು ಲೂಕನು ಎಲ್ಲೂ ಬರೆಯುವುದಿಲ್ಲ.

ಉಳಿದುಕೊಂಡವರಲ್ಲಿ ಅನೇಕರಿಗೆ ಕೃತಜ್ಞತೆಗಿಂತ ಹೆಚ್ಚಾಗಿ ಕಾಡುವುದು ಅಪರಾಧಿ ಭಾವ: ನಾನೇಕೆ ಉಳಿದೆ, ಅವನನ್ನು ಆ ರಾತ್ರಿ ಕರೆದುಕೊಂಡು ಬರಬಹುದಿತ್ತಲ್ಲ ಎಂಬುದು. ಇದು ಪಾಪವಲ್ಲ, ಪಾಪನಿವೇದನೆಯಲ್ಲಿ ಪರಿಹಾರವಾಗುವ ಸಂಗತಿಯೂ ಅಲ್ಲ. ಯಾರೊಡನಾದರೂ ಹಲವು ಬಾರಿ ಹೇಳಿಕೊಳ್ಳಬೇಕಾದ ನೋವು.

ದೇವರ ಮೇಲೆ ಸಿಟ್ಟು ಬರುತ್ತಿದೆ. ಹಾಗೆ ಸಿಟ್ಟಾಗುವುದು ತಪ್ಪೇ?

ಕೀರ್ತನೆಗಳ ಸುಮಾರು ಮೂರನೇ ಒಂದು ಪಾಲು ದೂರು, ಗೋಳು, ಮೊರೆ. ಎಷ್ಟರ ತನಕ, ಕರ್ತನೇ, ನನ್ನನ್ನು ಮರೆತೇಬಿಟ್ಟೆಯಾ ಎಂದು 13ನೇ ಕೀರ್ತನೆ ಕೇಳುತ್ತದೆ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ‘ಆದರೂ ನಿನ್ನನ್ನು ಸ್ತುತಿಸುವೆ’ ಎಂಬ ತಿರುವು ಅಲ್ಲಿಲ್ಲ, ಮತ್ತು ಅದನ್ನು ತಿದ್ದಬೇಕೆಂದು ಯಾರಿಗೂ ಅನಿಸಲಿಲ್ಲ. ಯೆರೆಮೀಯ ತಾನು ಹುಟ್ಟಿದ ದಿನವನ್ನು ಶಪಿಸಿದ. ಬೇತ್ಲೆಹೇಮಿಗೆ ಮರಳಿದ ನೊವೊಮಿ ಊರ ಹೆಂಗಸರಿಗೆ, ಸರ್ವಶಕ್ತನು ನನ್ನ ಬಾಳನ್ನು ಕಹಿ ಮಾಡಿದ್ದಾನೆ ಎಂದು ನಡುಬೀದಿಯಲ್ಲೇ ಹೇಳಿದಳು.

ನಮ್ಮ ಭಾನುವಾರದ ಆರಾಧನೆಯಲ್ಲಿ ಇವುಗಳಿಗೆ ಜಾಗವೇ ಇಲ್ಲದಂತೆ ಮಾಡಿಕೊಂಡಿದ್ದೇವೆ. ಹಾಡುಗಳೆಲ್ಲ ಜಯಗೀತೆ, ಕೈಚಪ್ಪಾಳೆ. ಮನೆಯಲ್ಲಿ ಸಾವಾದವರು ಮೂರನೇ ವಾರ ಚರ್ಚಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತು, ಹಾಡಲಾರದೆ, ಮುಗಿಯುವ ಮೊದಲೇ ಎದ್ದು ಹೋಗುತ್ತಾರೆ. ತಿಂಗಳಿಗೊಮ್ಮೆಯಾದರೂ ಒಂದು ಪ್ರಲಾಪವನ್ನು ಸಭೆಯಲ್ಲಿ ಗಟ್ಟಿಯಾಗಿ ಓದುವ ರೂಢಿ ಇಟ್ಟುಕೊಂಡರೆ ಅವರಿಗೂ ಅಲ್ಲೊಂದು ಜಾಗ ಸಿಗುತ್ತದೆ. ಸಿಟ್ಟಾಗಲು ಎದುರಿಗೆ ಒಬ್ಬನಿರಬೇಕು. ದೇವರೊಂದಿಗೆ ಜಗಳವಾಡುವವನು ಇನ್ನೂ ದೇವರನ್ನು ಬಿಟ್ಟಿಲ್ಲ.

ಪ್ರಾರ್ಥನೆ ಮಾಡಲು ಆಗುತ್ತಲೇ ಇಲ್ಲ. ಏನು ಮಾಡಲಿ?

ಮಾಡಬೇಡಿ. ಎಲೀಯನು ಅಡವಿಯಲ್ಲಿ ಜಾಲೀಗಿಡದ ಕೆಳಗೆ ಬಿದ್ದುಕೊಂಡು ಸಾಕು, ನನ್ನ ಪ್ರಾಣ ತೆಗೆದುಕೋ ಎಂದಾಗ ದೂತನು ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು, ಮತ್ತೆ ನಿದ್ದೆ. ಎದ್ದ ಮೇಲೆ ಇನ್ನೊಮ್ಮೆ ಊಟ. ದೇವರ ಮಾತು ಬಂದದ್ದು ಎಷ್ಟೋ ದಿನಗಳ ನಂತರ, ಅದೂ ಗಾಳಿಯಲ್ಲಲ್ಲ, ಭೂಕಂಪದಲ್ಲಲ್ಲ, ಬೆಂಕಿಯಲ್ಲಲ್ಲ. ಕಪೆರ್ನೌಮಿನಲ್ಲಿ ಪಾರ್ಶ್ವವಾಯು ಬಡಿದವನನ್ನು ನಾಲ್ವರು ಹೊತ್ತು ತಂದು ಮಾಳಿಗೆ ಬಿಚ್ಚಿ ಇಳಿಸಿದರು. ಯೇಸು ನೋಡಿದ್ದು ಹೊತ್ತು ತಂದವರ ನಂಬಿಕೆಯನ್ನು ಎಂದು ಬರೆದಿದೆ. ಕೆಲವು ತಿಂಗಳು ನಿಮ್ಮ ಪರವಾಗಿ ಬೇರೆಯವರು ಪ್ರಾರ್ಥಿಸಲಿ.

ದುಃಖದ ಮನೆಗೆ ಹೋದಾಗ ಏನು ಹೇಳಬೇಕು?

ಏನು ಹೇಳಬಾರದು ಎಂಬುದು ಸುಲಭ. ‘ದೇವರಿಗೆ ಅವನು ಹೆಚ್ಚು ಪ್ರಿಯನಾಗಿದ್ದ, ಅದಕ್ಕೇ ಕರೆದುಕೊಂಡರು.’ ‘ಎಲ್ಲದಕ್ಕೂ ಒಂದು ಉದ್ದೇಶ ಇರುತ್ತದೆ.’ ‘ಇನ್ನೊಂದು ಮಗುವಿದೆಯಲ್ಲ.’ ‘ಧೈರ್ಯವಾಗಿರಿ, ಅಳಬಾರದು, ನೀವು ವಿಶ್ವಾಸಿಗಳು.’ ಈ ಕೊನೆಯದಂತೂ ಲಾಜರನ ಸಮಾಧಿಯ ಮುಂದೆ ಕಣ್ಣೀರಿಟ್ಟ ಯೇಸುವಿಗೇ ಬುದ್ಧಿ ಹೇಳಿದಂತೆ. ‘ಕರ್ತನು ಕೊಟ್ಟನು, ಕರ್ತನು ತೆಗೆದುಕೊಂಡನು’ ಎಂಬುದು ಬೈಬಲ್ಲಿನ ಮಾತೇ ಹೌದು. ಆದರೆ ಅದನ್ನು ಹೇಳಿದ್ದು ಮಕ್ಕಳನ್ನು ಕಳೆದುಕೊಂಡ ಯೋಬ, ನೋಡಲು ಬಂದವರಲ್ಲ. ಯೋಬನ ಗೆಳೆಯರು ಚೆನ್ನಾಗಿ ನಡೆದುಕೊಂಡ ಒಂದೇ ಸಂದರ್ಭ, ಏಳು ದಿನ ಅವನೊಂದಿಗೆ ನೆಲದ ಮೇಲೆ ಬಾಯಿ ಬಿಡದೆ ಕೂತದ್ದು.

ಒಂದು ಮಳೆಗಾಲದಲ್ಲಿ ಶಾಲೆಯೊಂದರ ಕಾಳಜಿ ಕೇಂದ್ರದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಬೆಂಚುಗಳನ್ನೆಲ್ಲ ಗೋಡೆಗೆ ಒತ್ತಿ ಚಾಪೆ ಹಾಸಿದ್ದರು. ಒಬ್ಬ ಅಜ್ಜಿಯ ಮಡಿಲಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗೆ ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಪಹಣಿ, ಹಕ್ಕುಪತ್ರ ಎಲ್ಲವೂ ಕೆಸರು ನೀರಿನಲ್ಲಿ ನೆನೆದು ಒಂದೇ ಮುದ್ದೆಯಾಗಿದ್ದವು. ಸಹಾಯಕ್ಕೆ ಬಂದಿದ್ದ ಹೆಂಗಸೊಬ್ಬರು ಪಕ್ಕದಲ್ಲಿ ಕೂತು, ಮಕ್ಕಳ ಅಳತೆಪಟ್ಟಿಯ ಅಂಚಿನಿಂದ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ, ಹಳೆಯ ಪತ್ರಿಕೆಯ ಮೇಲೆ ಹರಡಿ ಫ್ಯಾನಿನ ಕೆಳಗೆ ಇಡತೊಡಗಿದರು. ಮಾತಿಲ್ಲ. ಹಕ್ಕುಪತ್ರದ ಮಡಿಕೆ ಬಿಡಿಸುವಾಗ ಅಜ್ಜಿಯೇ ಶುರು ಮಾಡಿದರು, ‘ಇದನ್ನು ನಮ್ಮವರು ತೋಟದಿಂದ ಬಂದವರೇ ಕೈ ತೊಳೆಯದೆ ಮುಟ್ಟಿದ್ದರು, ನೋಡಿ, ಇಲ್ಲಿ ಕಲೆ’ ಎಂದು. ಆಮೇಲೆ ಸಂಜೆಯವರೆಗೂ ಅವರ ಮಾತು ನಿಲ್ಲಲಿಲ್ಲ. ಬೈಬಲ್ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ ನಮ್ಮಂಥವರು ಬಾಗಿಲಲ್ಲೇ ನಿಂತಿದ್ದೆವು.

ಹೋದಾಗ ಕೈಯಲ್ಲಿ ಮಾಡಲು ಏನಾದರೂ ಕೆಲಸ ಇಟ್ಟುಕೊಳ್ಳಿ. ಮೂರನೇ ತಿಂಗಳಲ್ಲಿ ಮತ್ತೊಮ್ಮೆ ಹೋಗಿ, ಆಗ ಬೇರೆ ಯಾರೂ ಬರುತ್ತಿರುವುದಿಲ್ಲ.

ದೇಹವೇ ಸಿಗದಿದ್ದರೆ ಅಂತ್ಯಕ್ರಿಯೆ ಹೇಗೆ? ಪುನರುತ್ಥಾನ ಹೇಗೆ?

ಅಂತ್ಯಕ್ರಿಯೆಯ ಆರಾಧನೆಯನ್ನು ದೇಹವಿಲ್ಲದೆಯೂ ನಡೆಸಬಹುದು. ನಿಮ್ಮ ಗುರುಗಳನ್ನು ಅಥವಾ ಸಭಾಪಾಲಕರನ್ನು ಕೇಳಿ, ಭಾವಚಿತ್ರ ಇಟ್ಟು ಮಾಡುವ ಸ್ಮರಣೆಯ ಪ್ರಾರ್ಥನೆಗೆ ಸಾಮಾನ್ಯವಾಗಿ ಅಡ್ಡಿಯಿರುವುದಿಲ್ಲ. ವಯನಾಡಿನಲ್ಲಿ ಗುರುತು ಸಿಗದ ದೇಹಗಳನ್ನು, ದೇಹದ ಭಾಗಗಳನ್ನು ಪುತ್ತುಮಲದಲ್ಲಿ ಸಾಲಾಗಿ ಹೂಳಿದರು. ಗೋರಿಗಳ ಮೇಲೆ ಹೆಸರಿನ ಬದಲು ಸಂಖ್ಯೆ. ಹಿಂದೂ, ಮುಸ್ಲಿಂ, ಕ್ರೈಸ್ತ ಪ್ರಾರ್ಥನೆಗಳು ಒಂದರ ಹಿಂದೊಂದು ನಡೆದವು. ಆಮೇಲೆ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಬಂದಂತೆ ಕೆಲವು ಸಂಖ್ಯೆಗಳಿಗೆ ಹೆಸರು ಸಿಕ್ಕಿತು.

ಪುನರುತ್ಥಾನಕ್ಕೆ ದೇಹ ಇಡಿಯಾಗಿ ಬೇಕೆಂದೇನೂ ಇಲ್ಲ. ಕಾಡುಮೃಗಗಳ ಬಾಯಿಗೆ ಬಿದ್ದ, ಬೆಂಕಿಯಲ್ಲಿ ಬೂದಿಯಾದ ರಕ್ತಸಾಕ್ಷಿಗಳ ವಿಷಯದಲ್ಲಿ ಆದಿಸಭೆಯೂ ಇದನ್ನು ಕೇಳಿಕೊಂಡು ಸಮಾಧಾನ ಕಂಡಿತ್ತು. ಸಮುದ್ರವು ತನ್ನೊಳಗಿನ ಸತ್ತವರನ್ನು ಒಪ್ಪಿಸಿತೆಂಬ ಸಾಲು ಪ್ರಕಟನೆಯ ಪುಸ್ತಕದಲ್ಲಿದೆ. ಮಣ್ಣಿಗೂ ಅದೇ ಮಾತು.

ಕಾಗದದ ಕೆಲಸ ಬೇರೆ. ಕಾಣೆಯಾದವರನ್ನು ಸತ್ತವರೆಂದು ಕಾನೂನು ಭಾವಿಸಲು ಸಾಮಾನ್ಯವಾಗಿ ಏಳು ವರ್ಷ ಕಾಯಬೇಕು. ದೊಡ್ಡ ವಿಪತ್ತುಗಳಲ್ಲಿ ಸರ್ಕಾರ ವಿಶೇಷ ಕ್ರಮ ಕೈಗೊಳ್ಳುತ್ತದೆ. 2025ರ ಜನವರಿಯಲ್ಲಿ ವಯನಾಡಿನ ವಿಷಯದಲ್ಲಿ ಕೇರಳ ಸರ್ಕಾರ ಹಾಗೆ ಮಾಡಿತು. ತಹಶೀಲ್ದಾರರ ಕಚೇರಿಗೆ ಆ ಮನೆಯವರ ಜೊತೆ ಒಬ್ಬರು ಹೋಗಿಬನ್ನಿ. ‘ಮರಣ’ ಎಂಬ ಪದದ ಮುಂದೆ ಸಹಿ ಹಾಕುವ ಕ್ಷಣದಲ್ಲಿ ಅವರು ಒಬ್ಬರೇ ಇರಬಾರದು.

ವಿಶ್ವಾಸ ಇದ್ದ ಮೇಲೆ ಮನೋವೈದ್ಯರು, ಔಷಧಿ ಏಕೆ?

1527ರಲ್ಲಿ ಜರ್ಮನಿಯ ವಿಟ್ಟೆನ್‌ಬರ್ಗಿಗೆ ಪ್ಲೇಗ್ ಬಂದಾಗ ಮಾರ್ಟಿನ್ ಲೂಥರ್ ಊರು ಬಿಡದೆ ರೋಗಿಗಳ ನಡುವೆ ಉಳಿದರು. ಆ ದಿನಗಳ ಅವರ ಪತ್ರವೊಂದರಲ್ಲಿ ಪ್ರಾರ್ಥಿಸುತ್ತೇನೆ, ಹೊಗೆ ಹಾಕುತ್ತೇನೆ, ಔಷಧಿ ತೆಗೆದುಕೊಳ್ಳುತ್ತೇನೆ, ನನ್ನ ಅಗತ್ಯವಿಲ್ಲದ ಕಡೆ ಹೋಗುವುದಿಲ್ಲ ಎಂಬ ಅರ್ಥದ ಮಾತಿದೆ. ಔಷಧಿಯನ್ನು ಧಿಕ್ಕರಿಸುವುದು ವಿಶ್ವಾಸವಲ್ಲ, ದೇವರನ್ನು ಪರೀಕ್ಷಿಸುವುದು ಎಂದರು. ಮಂಗಳೂರಿನಲ್ಲಿ ಜರ್ಮನ್ ಗುರು ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಔಷಧಿ ಕೊಡಲು ಆರಂಭಿಸಿ, 1890ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆ ತೆರೆದರು. ಈ ಪರಂಪರೆಯವರು ಔಷಧಿಗೆ ಹೆದರುವುದೇ?

ಮಳೆಯ ಸದ್ದಿಗೆ ಬೆಚ್ಚಿ ಏಳುವುದು, ಆ ರಾತ್ರಿಯೇ ಕಣ್ಣ ಮುಂದೆ ಬರುವುದು, ಊಟ ಸೇರದಿರುವುದು ಒಂದು ತಿಂಗಳು ದಾಟಿಯೂ ಮುಂದುವರಿದರೆ ವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬಂದರೆ ತಿಂಗಳು ಕಾಯುವಂತಿಲ್ಲ, ಅದೇ ದಿನ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ನೆರವಿನ ಜೊತೆಗೆ ಸುವಾರ್ತೆ ಸಾರಬಹುದೇ?

ಅಕ್ಕಿ ಚೀಲದ ಜೊತೆಗೆ ಕರಪತ್ರ ಬೇಡ. ಇದು ಕಾನೂನಿನ ಭಯಕ್ಕೆ ಹೇಳುವ ಮಾತಲ್ಲ. ಹಸಿದವನಿಗೆ ‘ಬೇಡ’ ಎನ್ನುವ ಸ್ವಾತಂತ್ರ್ಯ ಇರುವುದಿಲ್ಲ, ಆ ಸ್ವಾತಂತ್ರ್ಯವಿಲ್ಲದ ಕಡೆ ವಿಶ್ವಾಸವೂ ಇರುವುದಿಲ್ಲ. ದಾರಿಯಲ್ಲಿ ಬಿದ್ದಿದ್ದವನ ಗಾಯಕ್ಕೆ ಎಣ್ಣೆ ಹಚ್ಚಿದ ಸಮಾರ್ಯದವನು ಅವನ ಮತ ವಿಚಾರಿಸಲಿಲ್ಲ, ತನ್ನದನ್ನೂ ಹೇಳಿಕೊಳ್ಳಲಿಲ್ಲ. 1994ರಲ್ಲಿ ರೆಡ್‌ಕ್ರಾಸ್ ಮತ್ತು ಸ್ವಯಂಸೇವಾ ಸಂಸ್ಥೆಗಳು ಒಪ್ಪಿದ ನಡಾವಳಿ ಸಂಹಿತೆಯಲ್ಲಿ ನೆರವನ್ನು ಯಾವ ಧಾರ್ಮಿಕ ನಿಲುವಿನ ಪ್ರಚಾರಕ್ಕೂ ಬಳಸಬಾರದೆಂಬ ನಿಯಮವಿದೆ. ಅದನ್ನು ರೂಪಿಸಿದವರಲ್ಲಿ ಕಥೋಲಿಕರ ಕಾರಿತಾಸ್ ಇತ್ತು, ಲೂಥರನ್ ವಿಶ್ವ ಒಕ್ಕೂಟವೂ ಇತ್ತು.

ಹಳೆಯ ಉದಾಹರಣೆಯೊಂದು ನಮ್ಮ ನೆರೆಯ ಆಂಧ್ರದ ಒಂಗೋಲಿನದು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲೌ ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗವನ್ನು ಅಗೆಯುವ ಗುತ್ತಿಗೆ ಹಿಡಿದು ಸಾವಿರಾರು ಜನರಿಗೆ ಕೂಲಿ ಒದಗಿಸಿದರು. ಆ ಅವಧಿಯಲ್ಲಿ ದೀಕ್ಷಾಸ್ನಾನ ಕೇಳಿ ಬಂದವರನ್ನು ಅವರು ವಾಪಸ್ ಕಳಿಸಿದರು, ಅನ್ನಕ್ಕಾಗಿ ಬಂದರೆಂಬ ಮಾತು ಬರಬಾರದೆಂದು. ನೆರವಿನ ಕೆಲಸ ಮುಗಿದ ಮೇಲೆ, 1878ರ ಜುಲೈ 3ರಂದು, ಒಂದೇ ದಿನ 2,222 ಜನ ದೀಕ್ಷಾಸ್ನಾನ ಪಡೆದರು. ಅದೂ ಕ್ಷಾಮದ ನೆರಳೇ ಎನ್ನುವವರು ಇದ್ದಾರೆ, ಆ ಅನುಮಾನ ನ್ಯಾಯವಾದದ್ದೇ. ಆದರೂ ಕ್ಲೌ ಕಾದರು ಎಂಬುದು ಗಮನಿಸಬೇಕಾದ್ದು. ಯಾರಾದರೂ ತಾವಾಗಿ ಕೇಳಿದರೆ ಮಾತ್ರ ಉತ್ತರಿಸಿ, ಅದೂ ಚೀಲ ಇಳಿಸಿ ಕೈ ಖಾಲಿಯಾದ ಮೇಲೆ.

ಮಕ್ಕಳು ಕೇಳಿದರೆ?

‘ತಾತ ಮಲಗಿದ್ದಾರೆ’ ಎನ್ನಬೇಡಿ, ಮಗು ಮಲಗಲು ಹೆದರುತ್ತದೆ. ‘ಯೇಸಪ್ಪ ಕರೆದುಕೊಂಡ’ ಎಂದರೆ ಯೇಸಪ್ಪನಿಗೇ ಹೆದರುತ್ತದೆ. ಸತ್ತರು ಎಂದೇ ಹೇಳಿ, ನಮಗೂ ಅಳು ಬರುತ್ತಿದೆ ಎನ್ನಿ. ಗುಡ್ಡ ಏಕೆ ಬಿತ್ತು ಎಂದು ಕೇಳಿದರೆ ಮಳೆ ಮತ್ತು ಮಣ್ಣಿನ ಕಥೆ ಹೇಳಿ. ಮತ್ತೆ ಬೀಳುತ್ತದೆಯೇ ಎಂದರೆ, ಬೀಳುವ ಮೊದಲು ನಾವು ಎಲ್ಲಿಗೆ ಹೋಗುತ್ತೇವೆಂದು ತೋರಿಸಿ.

ಇಷ್ಟೆಲ್ಲ ಆದ ಮೇಲೆ ಭರವಸೆ ಎಂದರೆ ಏನು?

‘ಎಲ್ಲ ಸರಿಹೋಗುತ್ತದೆ’ ಎಂಬುದಲ್ಲ. ಕೆಲವು ಸರಿಹೋಗುವುದಿಲ್ಲ. ಹೋದ ತೋಟ, ಹೋದ ಮಗ, ಊರೆಂಬ ಊರೇ ಹೋದದ್ದು ಈ ಲೋಕದಲ್ಲಿ ಮರಳುವುದಿಲ್ಲ. ಹಬಕ್ಕೂಕನು ಇದನ್ನು ಬಲ್ಲವನು. ಅಂಜೂರ ಚಿಗುರಲಿಲ್ಲ, ದ್ರಾಕ್ಷಿ ಫಲಿಸಲಿಲ್ಲ, ಹೊಲ ಬೆಳೆ ಕೊಡಲಿಲ್ಲ, ಕೊಟ್ಟಿಗೆಯಲ್ಲಿ ದನವಿಲ್ಲ ಎಂದು ರೈತನ ಲೆಕ್ಕದಂತೆ ಒಂದೊಂದೇ ನಷ್ಟವನ್ನು ಬರೆದಿಟ್ಟ ಮೇಲೆಯೇ ಅವನು ಆದರೂ ಕರ್ತನಲ್ಲಿ ಸಂತೋಷಿಸುವೆನು ಎನ್ನುವುದು.

ಕ್ರೈಸ್ತ ಭರವಸೆ ನಿಂತಿರುವುದು ಸಮಾಧಿಯಿಂದ ಎದ್ದುಬಂದ ಒಬ್ಬನ ಮೇಲೆ. ಎದ್ದುಬಂದಾಗ ಅವರ ಅಂಗೈಯ ಮೊಳೆಯ ಗಾಯ, ಪಕ್ಕೆಯ ತಿವಿತ ಮಾಯವಾಗಿರಲಿಲ್ಲ, ತೋಮನಿಗೆ ಮುಟ್ಟಿ ನೋಡೆಂದು ಅವನ್ನೇ ತೋರಿಸಿದರು. ಅಳಿಸಿ ಹೊಸದಾಗಿ ಬರೆಯುವ ದೇವರಲ್ಲ ಇವರು, ಗಾಯವನ್ನು ಜೊತೆಗೆ ತರುವವರು. ಹಾಗಾಗಿ ದುಃಖಿತರಿಗೆ ‘ಮರೆತುಬಿಡಿ’ ಎಂದು ಹೇಳಬೇಕಾದ ಅಗತ್ಯ ನಮಗಿಲ್ಲ. ಇಡೀ ಸೃಷ್ಟಿಯೇ ಹೆರಿಗೆ ನೋವಿನಲ್ಲಿ ನರಳುತ್ತಿದೆ ಎಂದು ಪೌಲನು ರೋಮಾಪುರದವರಿಗೆ ಬರೆದ. ಗುಡ್ಡವೂ ಹೊಳೆಯೂ ಅದರಲ್ಲಿ ಸೇರಿವೆ. ಬರಲಿರುವ ಬಿಡುಗಡೆಯಲ್ಲಿ ಅವಕ್ಕೂ ಪಾಲಿದೆ ಎಂಬುದು ನಮ್ಮ ನಂಬಿಕೆ.

ಇದನ್ನು ನಂಬುವುದು ಎಲ್ಲರಿಗೂ ಎಲ್ಲ ದಿನವೂ ಆಗುವುದಿಲ್ಲ. ಚೂರಲ್‌ಮಲದಲ್ಲಿ ಸೇತುವೆ ಕೊಚ್ಚಿಹೋಗಿ ಆಚೆ ದಡದವರು ಸಿಕ್ಕಿಬಿದ್ದಿದ್ದಾಗ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಸುರಿಯುವ ಮಳೆಯಲ್ಲಿ ರಾತ್ರಿಯಿಡೀ ದುಡಿದು ಉಕ್ಕಿನ ಬಿಡಿಭಾಗಗಳನ್ನು ಜೋಡಿಸಿ ಕಟ್ಟುವ 190 ಅಡಿಯ ಬೈಲಿ ಸೇತುವೆಯನ್ನು ಆಗಸ್ಟ್ 1ರ ಸಂಜೆಗೆ ಮುಗಿಸಿದರು. ಅವರಲ್ಲಿ ಯಾರ ದೇವರು ಯಾರು ಎಂದು ದಾಟಿದವರು ಕೇಳಲಿಲ್ಲ. ಪುನರುತ್ಥಾನವನ್ನು ನಂಬಲಾಗದ ದಿನ ಅಂಥ ಕೈಗಳನ್ನು ನಂಬಿದರೂ ದೇವರು ಬೇಸರಿಸಿಕೊಳ್ಳುವುದಿಲ್ಲ ಎಂದೇ ನನ್ನ ಎಣಿಕೆ.

ಮುಂದಿನ ಮಳೆಗಾಲಕ್ಕೆ ಮೊದಲು ಒಂದು ಸಭೆಯಾಗಿ ನಾವು ಏನು ಮಾಡಬಹುದು?

ಅಂತಿಯೋಕ್ಯದ ಸಭೆ ಕ್ಷಾಮ ಬರಲಿದೆ ಎಂದು ಕೇಳಿದ ಕೂಡಲೇ, ಬರುವ ಮೊದಲೇ ಹಣ ಕೂಡಿಸಿ ಬಾರ್ನಬ ಮತ್ತು ಸೌಲರ ಕೈಯಲ್ಲಿ ಯೂದಾಯಕ್ಕೆ ಕಳುಹಿಸಿತು. ಎಚ್ಚರಿಕೆಯನ್ನು ಕೇಳಿಸಿಕೊಳ್ಳುವುದೂ ವಿಶ್ವಾಸವೇ. ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ವಯನಾಡಿನಾದ್ಯಂತ ಮಳೆಮಾಪಕಗಳನ್ನಿಟ್ಟು ಲೆಕ್ಕ ಬರೆಯುತ್ತದೆ. ಕುಸಿತದ ಹಿಂದಿನ ದಿನವೇ ಅದು ಅಪಾಯದ ಸೂಚನೆ ಕೊಟ್ಟಿತ್ತು. ಘಟ್ಟದ ಪ್ರತಿ ಚರ್ಚಿನ ಅಂಗಳದಲ್ಲಿ ಒಂದು ಮಳೆಮಾಪಕ ಇಡಬಹುದು. ಯುವಕ ಸಂಘದವರು ದಿನಾ ಬೆಳಿಗ್ಗೆ ಅಳತೆ ಬರೆದು ಪಂಚಾಯಿತಿಗೂ ಊರಿನವರಿಗೂ ತಿಳಿಸಲಿ.

ನೆಲದಲ್ಲಿ ಹೊಸ ಬಿರುಕು, ಅಂಗಳದಲ್ಲಿ ಎಂದೂ ಇರದ ಕಡೆ ನೀರಿನ ಒರತೆ, ತಿಳಿಯಾಗಿದ್ದ ತೊರೆ ಇದ್ದಕ್ಕಿದ್ದಂತೆ ಕೆಂಪಾಗುವುದು ಅಥವಾ ಮಳೆಯಿದ್ದೂ ಬತ್ತುವುದು, ಮರ ಅಥವಾ ಕಂಬ ವಾಲುವುದು, ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುವುದು, ಗುಡ್ಡದೊಳಗಿಂದ ಗುಡುಗಿನಂಥ ಸದ್ದು: ಇವನ್ನು ಭಾನುವಾರದ ಪ್ರಕಟಣೆಗಳ ಜೊತೆ ಓದಿ ಹೇಳಿ. ಇವುಗಳಲ್ಲಿ ಒಂದನ್ನು ಕಂಡರೂ ಸಾಮಾನು ಕಟ್ಟುತ್ತ ನಿಲ್ಲದೆ ಮನೆ ಬಿಟ್ಟು, ಹೊಳೆಯ ಜಾಡಿನಿಂದ ದೂರ ಸರಿಯಬೇಕು. ಹಾಸಿಗೆ ಹಿಡಿದವರು, ಒಂಟಿ ವೃದ್ಧರು, ಬಸುರಿಯರು ಯಾವ ಮನೆಯಲ್ಲಿದ್ದಾರೆ, ಅವರನ್ನು ಎತ್ತಿಕೊಂಡು ಬರುವವರು ಯಾರು ಎಂಬ ಪಟ್ಟಿ ಮೇ ತಿಂಗಳಲ್ಲೇ ಸಿದ್ಧವಾಗಲಿ. ಪಟ್ಟಿಯಲ್ಲಿ ನಿಮ್ಮ ಸಭೆಯವರಷ್ಟೇ ಇದ್ದರೆ ಅದು ಅರ್ಧ ಪಟ್ಟಿ. ಚರ್ಚಿನ ಸಭಾಂಗಣದ ಬೀಗದ ಕೈ ಊರಿನ ಇನ್ನೊಬ್ಬರ ಬಳಿಯೂ ಇರಲಿ. ಜಿಲ್ಲಾ ನಿಯಂತ್ರಣ ಕೊಠಡಿಯ 1077 ಮತ್ತು ತುರ್ತು ಸಂಖ್ಯೆ 112 ಎರಡನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲ ಬಳಿ ಅಂಟಿಸಿ. 91ನೇ ಕೀರ್ತನೆಯ ಪಕ್ಕದಲ್ಲೇ ಆದರೂ ಸರಿ.